ಕ್ಯಾಂಬರ್ ಔಟ್ ಅಂದ್ರೆ ಮೊದಲು ಕೀ ವಾಪಸ್ ಇಸ್ಕೊಳ್ಳಿ

ತುಮಕೂರಿನಲ್ಲಿ ಕಾರಿಗೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಸರಿ ಮಾಡುವುದು) ಮಾಡಿಸುವವರು ಇದನ್ನು ಓದಿ. ಅಂಗಡಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ಹೈವೇ ಪಕ್ಕ ಇಂಥವು ಬೇಕಾದಷ್ಟಿವೆ, ಡೈಲಾಗ್ ಮಾತ್ರ ಒಂದೇ: "ಸಾರ್, ಕ್ಯಾಂಬರ್ ಔಟ್ ಆಗಿದೆ, ಹಿಂಗೇ ಬಿಟ್ರೆ ಟೈರ್ ತಿಂದುಬಿಡುತ್ತೆ." ಕ್ಯಾಂಬರ್ ಅಂದ್ರೆ ಚಕ್ರ ವಾಲಿರುವ ಕೋನ, ವಿವರ ಕೆಳಗಿದೆ.

ನನ್ನದು ಸಣ್ಣ ಹ್ಯಾಚ್‌ಬ್ಯಾಕ್. ಕುಣಿಗಲ್ ರಸ್ತೆಯಲ್ಲಿ ರಾತ್ರಿ ಎದುರಿನ ಟಿಪ್ಪರ್ ಹೈಬೀಮ್ ಬಿಟ್ಟುಕೊಂಡು ಬಂದ, ಎಡಗಡೆ ಚಕ್ರ ಗುಂಡಿಗೆ ಇಳಿಯಿತು. ಆಮೇಲೆ ಗಾಡಿ ಎಡಕ್ಕೆ ಎಳೆಯಲು ಶುರುವಾಯಿತು. ಮುಂದಿನ ಟೈರ್ ಎರಡೂ ಹೊಸವು, ಹಾಳಾಗೋದು ಬೇಡ ಅಂತ ಅಂಗಡಿಗೆ ಬಿಟ್ಟೆ.

ಹುಡುಗ ಗಾಳಿ ಚೆಕ್ ಮಾಡಲಿಲ್ಲ. ಚಕ್ರ ಎತ್ತಿ ಅಲ್ಲಾಡಿಸಿಯೂ ನೋಡಲಿಲ್ಲ. ಸೀದಾ ಚಕ್ರಕ್ಕೆ ಅಲೈನ್‌ಮೆಂಟ್ ಮಷಿನ್ನಿನ ಕ್ಲ್ಯಾಂಪ್ ಹಾಕಿ ಸ್ಕ್ರೀನ್ ತೋರಿಸಿದ. ಕ್ಯಾಂಬರ್ ಎರಡೂ ಕಡೆ ಕೆಂಪು, ಅಂದ್ರೆ ಅಳತೆ ತಪ್ಪಿದೆ ಅಂತ. ಸರಿ ಮಾಡಲು ಚಕ್ರಕ್ಕೆ 600 ರೂಪಾಯಿ ಬೇರೆ. ಅಡ್ಜಸ್ಟ್ ಮಾಡೋದು ಎಲ್ಲಿ ಅಂತ ಕೇಳಿದರೆ "ಮಾಡ್ತೀವಿ ಬಿಡಿ ಸಾರ್" ಅಂದ. ಆಮೇಲೆ ಚೈನ್ ಸುತ್ತಿ, ಹೈಡ್ರಾಲಿಕ್ ಜಾಕ್ ಕೊಟ್ಟು ಸ್ಟ್ರಟ್ಟನ್ನೇ (ಚಕ್ರ ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಂಬ) ಒತ್ತಿದ. ಲಟಕ್ ಅಂತ ಸದ್ದು ಬಂತು, ಸ್ಕ್ರೀನ್ ಹಸಿರಾಯಿತು. ಪ್ರಿಂಟ್ ಕೈಗಿಟ್ಟ.

ಇಲ್ಲಿ ಸ್ವಲ್ಪ ತಿಳಿದಿರಲಿ. ಚಕ್ರವನ್ನು ಎದುರಿನಿಂದ ನೋಡಿದಾಗ ಮೇಲ್ಭಾಗ ಒಳಗೋ ಹೊರಗೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರುವುದು ಟೋ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅಡ್ಜಸ್ಟ್ ಮಾಡಲು ಕಂಪನಿ ಕೊಟ್ಟಿರುವುದು ಮುಂದಿನ ಟೋ ಒಂದನ್ನೇ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಲಾಕ್ ನಟ್ ಸಡಿಲಿಸಿ, ರಾಡ್ ತಿರುಗಿಸಿ, ಮತ್ತೆ ಬಿಗಿ ಮಾಡುವುದು, ಅಷ್ಟೇ ಕೆಲಸ. ಕ್ಯಾಂಬರ್‌ಗೆ ಹೆಚ್ಚೆಂದರೆ ಸ್ಟ್ರಟ್ ಕೆಳಗಿನ ಬೋಲ್ಟ್‌ಗಳಲ್ಲಿ ಒಂಚೂರು ಜಾಗ ಇರುತ್ತದೆ. ಅದಕ್ಕಿಂತ ಜಾಸ್ತಿ ನಿಜವಾಗಿ ಔಟ್ ಆಗಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ, ಆ ಪಾರ್ಟ್ ಬದಲಿಸಬೇಕು. ಒಂದು ಬಗ್ಗಿದೆ ಅಂತ ಇನ್ನೊಂದನ್ನು ಬಗ್ಗಿಸಿ ಲೆಕ್ಕ ಸರಿ ಮಾಡುವುದು ಯಾವ ಸೀಮೆ ರಿಪೇರಿ?

ಮೊದಮೊದಲು ಗಾಡಿ ಪರವಾಗಿಲ್ಲ ಅನ್ನಿಸಿತು. ಬರ್ತಾ ಬರ್ತಾ ಸ್ಟೀರಿಂಗ್ ಓರೆಯಾಯಿತು, ನೇರ ಹೋಗಬೇಕೆಂದರೆ ಬಲಕ್ಕೆ ಹಿಡಿದುಕೊಂಡಿರಬೇಕು. ಒಂದಿನ ಸ್ಟೀರಿಂಗ್ ಪೂರ್ತಿ ತಿರುಗಿಸಿ ಟೈರ್ ಒಳಗಡೆ ಅಂಗೈ ಆಡಿಸಿದೆ. ಹೊರಗಿಂದ ಹೊಸದರ ಹಾಗೇ ಕಾಣುತ್ತಿದ್ದ ಟೈರು ಒಳ ಅಂಚಿನಲ್ಲಿ ಗರಗಸ! ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಸವರಿದರೆ ಬೆರಳಿಗೆ ಚುಚ್ಚುತ್ತಿತ್ತು. ಟೋ ಕೆಟ್ಟಾಗ ಹೀಗೇ ಸವೆಯುವುದು.

ಬಟವಾಡಿಯಲ್ಲಿ ಪರಿಚಯದ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಗಾಡಿ ಎತ್ತುವ ಮೊದಲೇ ಆ ಪ್ರಿಂಟ್ ಕೇಳಿದರು. ಕನ್ನಡಕ ಏರಿಸಿ ನೋಡಿ, ನಕ್ಕರು. ಮೇಲೆ ಮಾಡೆಲ್ ಅಂತ ಇರುವಲ್ಲಿ ನನ್ನ ಕಾರೇ ಇಲ್ಲ, ಅದೇ ಕಂಪನಿಯ ದೊಡ್ಡ ಸೆಡಾನ್ ಇದೆ. ಬೇರೆ ಗಾಡಿಯ ಅಳತೆಗೆ ಹೋಲಿಸಿದರೆ ಕೆಂಪು ಬರದೆ ಇನ್ನೇನು ಬರುತ್ತೆ? ಕೆಳಗೆ ನೋಡಿದರೆ ಎಡಗಡೆ ಲಾಕ್ ನಟ್ ಬರಿಗೈಯಲ್ಲೇ ತಿರುಗುತ್ತಿತ್ತು. ಟೋ ಕೆಟ್ಟಿದ್ದು ಅದಕ್ಕೇ. ರ‍್ಯಾಕ್‌ನ ರಬ್ಬರ್ ಬೂಟ್ (ಸ್ಟೀರಿಂಗ್ ಗೇರಿಗೆ ಧೂಳು ಹೋಗದಂತೆ ತಡೆಯುವ ಕವರ್), ಕ್ಲಿಪ್ ಬಿಡಿಸದೆ ರಾಡ್ ತಿರುಗಿಸಿದ್ದಕ್ಕೆ, ಹಿಂಡಿದ ಬಟ್ಟೆ ಥರ ಮುರುಚಿಕೊಂಡು ಸೀಳಿತ್ತು. ಒತ್ತಿದ ಸ್ಟ್ರಟ್ಟಿನಿಂದ ಆಯಿಲ್ ಜಿನುಗುತ್ತಿತ್ತು. ಇಷ್ಟಕ್ಕೂ ಮೊದಲು ಗಾಡಿ ಎಳೆಯುತ್ತಿದ್ದುದು ಯಾಕೆ ಗೊತ್ತಾ? ಗುಂಡಿಗೆ ಬಿದ್ದಾಗ ಲೋವರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ರಬ್ಬರ್) ಹರಿದಿತ್ತು. ಚಕ್ರದ ಹತ್ತಿರ ಒಂದು ಕಬ್ಬಿಣದ ರಾಡ್ ಇಟ್ಟು ಮೀಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಹಾಗಾಗಿ ನೀವು ಹೋದರೆ ಪಕ್ಕದಲ್ಲೇ ನಿಂತುಕೊಳ್ಳಿ, ಅವರು ಟೀ ಕೊಟ್ಟು ಕುರ್ಚಿ ತೋರಿಸಿದರೂ ಸರಿ. ಸ್ಕ್ರೀನಿನಲ್ಲಿ ನಿಮ್ಮ ಗಾಡಿ ಮಾಡೆಲ್, ವರ್ಷ ಇದೆಯಾ ನೋಡಿ. ಮೊದಲು ಗಾಳಿ ಸಮ ಮಾಡಿಸಿ, ಚಕ್ರ ಅಲ್ಲಾಡಿಸಿ ನೋಡಲು ಹೇಳಿ, ಯಾಕಂದ್ರೆ ಪ್ಲೇ (ಸಡಿಲ) ಇರುವ ಗಾಡಿಗೆ ಅಲೈನ್‌ಮೆಂಟ್ ನಿಲ್ಲುವುದೇ ಇಲ್ಲ. ಮೊದಲಿನ ರೀಡಿಂಗ್, ಆಮೇಲಿನ ರೀಡಿಂಗ್ ಎರಡೂ ಇರುವ ಪ್ರಿಂಟ್ ಕೇಳಿ. ಲಾಕ್ ನಟ್‌ಗೆ ಸ್ಪ್ಯಾನರ್ ಬೀಳುವುದನ್ನು ಕಣ್ಣಾರೆ ನೋಡಿ. ಚೈನು, ಜಾಕು ಬಂದರೆ ಕೆಲಸ ನಿಲ್ಲಿಸಿ. ಇನ್ನು 80ರ ಸ್ಪೀಡ್ ದಾಟಿದ ಮೇಲೆ ಸ್ಟೀರಿಂಗ್ ನಡುಗುವುದಷ್ಟೇ ತೊಂದರೆ ಅಂದ್ರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತ ಸಮ ಇಲ್ಲದಿರುವುದು) ತೊಂದರೆ, ಸುಮ್ನೆ ಅಲೈನ್‌ಮೆಂಟಿಗೆ ದುಡ್ಡು ಹಾಕಬೇಡಿ.

ಅಂಗಡಿಗೆ ವಾಪಸ್ ಹೋಗಿ ಕೇಳಿದ್ದಕ್ಕೆ "ರೋಡೇ ಸರಿ ಇಲ್ಲ ಸಾರ್, ನಾವೇನ್ ಮಾಡೋಣ" ಎಂದರು. ಪ್ರಿಂಟ್, ಯುಪಿಐ ಸ್ಕ್ರೀನ್‌ಶಾಟ್, ಟೈರಿನ ಫೋಟೋ ಎಲ್ಲ ಇಟ್ಟುಕೊಂಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಇಂಥ ಸಣ್ಣ ಮೊತ್ತದ ದೂರಿಗೆ ಶುಲ್ಕ ಇಲ್ಲ, ದೂರು ಕೊಡಲು 2 ವರ್ಷ ಟೈಮ್ ಇದೆ. ತುಮಕೂರಿನಲ್ಲಿ ಹೀಗೆ ಗ್ಯಾರೇಜ್ ಮೇಲೆ ದೂರು ಕೊಟ್ಟವರು ಯಾರಾದರೂ ಇದ್ದರೆ ಹೇಳಿ, ಬಟವಾಡಿ ಮೆಕ್ಯಾನಿಕ್ ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ಒಪ್ಪಿದ್ದಾರೆ, ಅಷ್ಟು ಸಾಕಾಗುತ್ತಾ?