ಸವಾರಿ ನಿಂತ 3 ತಿಂಗಳು: ಲಂಜಿಂಗ್, ಉದ್ದ ಲಗಾಮು ಮತ್ತು ಕೈಹಿಡಿದ ನಡಿಗೆ

ಬೆನ್ನುಮೂಳೆಯ ಡಿಸ್ಕ್ ಜಾರಿದ್ದರಿಂದ 3 ತಿಂಗಳು ಜೀನು ಏರಕೂಡದೆಂದು ವೈದ್ಯರು ಹೇಳಿದಾಗ, ನನ್ನ ಬೆನ್ನಿಗಿಂತಲೂ ನನ್ನ 11 ವರ್ಷದ ಹೆಣ್ಣುಕುದುರೆಯ ಬೆನ್ನಿನ ಚಿಂತೆ ನನ್ನನ್ನು ಹೆಚ್ಚು ಕಾಡಿತು. ವಾರಕ್ಕೆ 5 ದಿನ ದುಡಿದು ರೂಢಿಯಾದ ಕುದುರೆ ಲಾಯದಲ್ಲಿ ಸುಮ್ಮನೆ ನಿಂತರೆ, ಸವಾರನನ್ನು ಹೊರುವ ಬೆನ್ನಿನ ಸ್ನಾಯುಗಳು ಕುಗ್ಗುತ್ತವೆ, ಮನಸ್ಸೂ ಚಡಪಡಿಸತೊಡಗುತ್ತದೆ. ನಡೆಯಲು ನನಗೆ ಅನುಮತಿ ಇದ್ದುದರಿಂದ, ನೆಲದ ಮೇಲಿದ್ದೇ ಮಾಡಿಸಬಹುದಾದ ಮೂರು ಬಗೆಯ ಕೆಲಸಗಳನ್ನು ತಲಾ 4 ವಾರ ಮಾಡಿ ನೋಡಿದೆ. ಒಂದಾದ ಮೇಲೊಂದು ಮಾಡಿದ್ದರಿಂದ ಮೂರನೆಯದಕ್ಕೆ ಮೊದಲೆರಡರ ಲಾಭವೂ ಸ್ವಲ್ಪ ಸಿಕ್ಕಿರಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇಂಥ ಸಂದರ್ಭದಲ್ಲಿ ಎಲ್ಲರೂ ಮೊದಲು ಸೂಚಿಸುವುದು ಲಂಜಿಂಗ್ ಅನ್ನು. ಸುಮಾರು 7ರಿಂದ 8 ಮೀಟರ್ ಉದ್ದದ ಹಗ್ಗ ಹಿಡಿದು ನಾವು ನಡುವೆ ನಿಲ್ಲುತ್ತೇವೆ, ಕುದುರೆ ಸುತ್ತಲೂ ಓಡುತ್ತದೆ. 20 ನಿಮಿಷದಲ್ಲಿ ಮೈ ಬೆವರುತ್ತದೆ, ಕೆಲಸವಾಯಿತೆಂಬ ಸಮಾಧಾನವೂ ಆಗುತ್ತದೆ. ಆ ಸಮಾಧಾನವನ್ನು ಪೂರ್ತಿ ನಂಬಬಾರದು. ವೃತ್ತದಲ್ಲಿ ಓಡುವಾಗ ಒಳಗಿನ ಮತ್ತು ಹೊರಗಿನ ಕಾಲುಗಳ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ. ವೃತ್ತ ಚಿಕ್ಕದಾದಷ್ಟೂ, ಓಟ ಬಿರುಸಾದಷ್ಟೂ ಕೀಲುಗಳ ಮೇಲಿನ ಒತ್ತಡ ಹೆಚ್ಚುತ್ತದೆ. ನಾನು ಹಗ್ಗವನ್ನು ಪೂರ್ತಿ ಉದ್ದಕ್ಕೆ ಬಿಟ್ಟು, ಮೂರು ನಾಲ್ಕು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ, 20 ನಿಮಿಷ ಮೀರದಂತೆ ನೋಡಿಕೊಂಡೆ. ಆದರೂ ಎರಡನೆಯ ವಾರದ ಹೊತ್ತಿಗೆ ಎಡಕ್ಕೆ ಸುತ್ತುವಾಗಲೆಲ್ಲ ಅದು ತಲೆಯನ್ನು ಹೊರಗೆ ತಿರುಗಿಸಿ, ತಿರುವಿನಲ್ಲಿ ಸೈಕಲ್ ವಾಲುವ ಹಾಗೆ ಒಳಭುಜದ ಮೇಲೆ ವಾಲುತ್ತಿತ್ತು. ಒಂದು ಬೆಳಿಗ್ಗೆ ಬೆದರಿ ಎಳೆದಾಗ ಆ ಜಗ್ಗು ನೇರವಾಗಿ ನನ್ನ ಸೊಂಟಕ್ಕೆ ತಾಗಿತು. ಬೆನ್ನುನೋವಿರುವವರಿಗೆ ಇದು ತಕ್ಕ ಕೆಲಸವಲ್ಲ. ಯಾರೇ ಮಾಡಿದರೂ ಹಗ್ಗವನ್ನು ಕೈಯಲ್ಲಿ ಮಡಿಕೆಗಳಾಗಿ ಹಿಡಿಯಬೇಕೇ ಹೊರತು ಕೈಗೆ ಸುತ್ತಿಕೊಳ್ಳಬಾರದು. ಕುದುರೆ ಓಡಿದರೆ ಸುತ್ತು ಬಿಗಿದು ಬೆರಳುಗಳಿಗೇ ಕುತ್ತು. ಕೈಗವಸು, ಹೆಲ್ಮೆಟ್ ಎರಡೂ ಬೇಕು.

ಉದ್ದ ಲಗಾಮಿನ ಕೆಲಸದಲ್ಲಿ ಕಡಿವಾಣದ ಎರಡೂ ಬದಿಯಿಂದ ಹೊರಟ ಲಗಾಮುಗಳು ಎದೆಸುತ್ತಿನ ಪಟ್ಟಿಯ ಉಂಗುರಗಳ ಮೂಲಕ ಹಾದು ಹಿಂದೆ ನಡೆಯುವವನ ಕೈಗೆ ಬರುತ್ತವೆ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನ ಲಿಪಿಜಾನರ್ ಕುದುರೆಗಳು ತೋರಿಸುವ ಸೂಕ್ಷ್ಮ ಚಲನೆಗಳಲ್ಲಿ ಕೆಲವು ಹೀಗೆ ಸವಾರನಿಲ್ಲದೆಯೇ ನಡೆಯುತ್ತವೆ. ನೇರವಾಗಿ ಹಿಂದಿರುವುದು ಕುದುರೆಯ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಹಗ್ಗ ಹಿಂಗಾಲಿಗೆ ತಾಗಿದರೂ ಬೆದರದಂತೆ ಮಾಡುವುದಕ್ಕೇ ಮೊದಲ ಕೆಲವು ದಿನಗಳು ಹೋದವು. ಒದೆತದ ಅಳತೆಯಿಂದ ಸದಾ ಆಚೆಗೇ ಇದ್ದೆ. ಹೊರಗಿನ ಲಗಾಮು ಕೈಯಲ್ಲಿರುವುದರಿಂದ ನೇರ ಗೆರೆ, ತಿರುವು, ನಿಲುಗಡೆ, ಹಿಂದಡಿ ಎಲ್ಲವನ್ನೂ ಕೇಳಬಹುದು. ವಾಲುವ ಭುಜವನ್ನು ಹಿಡಿದು ನಿಲ್ಲಿಸಲೂ ಬಹುದು. ಆದರೆ ಉದ್ದ ಲಗಾಮಿನ ತೂಕವೇ ಬಾಯಿಯ ಮೇಲೆ ಬೀಳುತ್ತದೆ. ಮೊದಲ ವಾರ ಅದು ಬಾಯಿ ತೆರೆದು ಅಸಮಾಧಾನ ತೋರಿಸಿತು. ನಾನು ಬೆರಳು ಸಡಿಲಿಸುವುದನ್ನು ಕಲಿತ ಮೇಲೆ ನಿಂತಿತು. ಟ್ರಾಟ್‌ಗೆ, ಅಂದರೆ ಕುದುರೆಯ ಮಧ್ಯಮ ವೇಗದ ಓಟಕ್ಕೆ, ಸಮನಾಗಿ ಓಡುವ ಸ್ಥಿತಿಯಲ್ಲಿ ನಾನಿರಲಿಲ್ಲವಾದ್ದರಿಂದ ನಮ್ಮ ಅಭ್ಯಾಸ ನಡಿಗೆಯಲ್ಲೇ ಉಳಿಯಿತು.

ನಾನು ಅತಿ ಕಡಿಮೆ ನಿರೀಕ್ಷಿಸಿದ್ದು ಮೂರನೆಯದರಿಂದ, ಅಂದರೆ ಭುಜದ ಪಕ್ಕದಲ್ಲಿ ನಡೆಯುತ್ತಾ ನೆಲದಲ್ಲಿಟ್ಟ ಮರದ ಗಳಗಳನ್ನು ದಾಟಿಸುವುದರಿಂದ. ಅತಿ ಹೆಚ್ಚು ಕೊಟ್ಟದ್ದೂ ಅದೇ. ನಡಿಗೆಗೆ ಗಳಗಳ ನಡುವೆ ಸುಮಾರು 80ರಿಂದ 90 ಸೆಂಟಿಮೀಟರ್ ಅಂತರ ಸಾಕು. ಕುದುರೆಯ ಹೆಜ್ಜೆ ನೋಡಿ ಸ್ವಲ್ಪ ಹೆಚ್ಚುಕಡಿಮೆ ಮಾಡಬೇಕು. ಮೊದಲ ದಿನ ನಾಲ್ಕಕ್ಕೆ ನಾಲ್ಕೂ ಗಳಗಳಿಗೆ ಹಿಂಗೊರಸು ಟಕ್ ಟಕ್ ಎಂದು ಬಡಿಯಿತು. ಕೆಲವೇ ದಿನಗಳಲ್ಲಿ ಅದು ತಾನಾಗಿಯೇ ಕತ್ತು ಇಳಿಸಿ, ಮೂಗನ್ನು ಗಳದ ಹತ್ತಿರಕ್ಕೆ ತಂದು, ಕಿವಿಗಳನ್ನು ಮುಂದೆ ಚಾಚಿ, ಒಂದೊಂದು ಕಾಲನ್ನೂ ಅಳೆದು ಎತ್ತಿಡತೊಡಗಿತು. ಹಾಗೆ ಕತ್ತು ತಗ್ಗಿಸಿ ಕಾಲೆತ್ತುವಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಬೆನ್ನು ಮೇಲೇಳುವುದು ಪಕ್ಕದಲ್ಲಿದ್ದ ನನಗೆ ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಗಳದ ಒಂದು ತುದಿಯನ್ನು ಗೇಣೆತ್ತರಕ್ಕೆ ಏರಿಸಿದೆ, ಇಳಿಜಾರಿನಲ್ಲಿ ಏರಿಳಿಸಿದೆ, ನಡುನಡುವೆ ನಾಲ್ಕೈದು ಹಿಂದಡಿ ಇಡಿಸಿದೆ. ಬೆವರು ಬಾರದಿದ್ದರೂ ಅರ್ಧ ಗಂಟೆಯ ಈ ಕೆಲಸದಿಂದ ಅದು ಓಟಕ್ಕಿಂತ ಹೆಚ್ಚು ಶಾಂತವಾಗಿ ಲಾಯಕ್ಕೆ ಮರಳುತ್ತಿತ್ತು.

ಕ್ಯಾರೆಟ್ ತೋರಿಸಿ ಕತ್ತನ್ನು ಪಕ್ಕೆಯವರೆಗೆ ಚಾಚಿಸುವುದು ಮೈ ಬಿಸಿಯಾದ ಮೇಲೆ ಒಳ್ಳೆಯದು, ಆದರೆ ಅದು ವ್ಯಾಯಾಮದ ಬದಲಿಯಲ್ಲ. ಕೈಗೆ ಪೆಟ್ಟಾದವರು ಉದ್ದ ಲಗಾಮನ್ನು ಮುಟ್ಟದಿರುವುದೇ ಲೇಸು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಮೂರರಲ್ಲಿ ಯಾವುದನ್ನೂ ಒಬ್ಬರೇ ಮಾಡಬಾರದು. ನೆರವಿಗೆ ಬಂದವರಿಗೆ ಲಂಜಿಂಗ್ ಹಗ್ಗ ಕೊಡುವ ಬದಲು ಗಳಗಳನ್ನು ಜೋಡಿಸಿಕೊಡಿ.

ಲಂಜಿಂಗ್ ಅನ್ನು ನಾನು ಪೂರ್ತಿ ಕೈಬಿಟ್ಟಿಲ್ಲ. ಕುದುರೆಯ ನಡೆಯನ್ನು ಹೊರಗಿನಿಂದ ನೋಡುವ ಅವಕಾಶ ಅದರಲ್ಲಿದೆ. ನೇರ ದಾರಿಯಲ್ಲಿ ಕಾಣದ ಸಣ್ಣ ಕುಂಟು ವೃತ್ತದಲ್ಲಿ ಕಾಣಿಸುವುದರಿಂದ ಪಶುವೈದ್ಯರೂ ಹಾಗೆಯೇ ಪರೀಕ್ಷಿಸುತ್ತಾರೆ. ಸವಾರಿಗೆ ಮರಳುವ ಹಿಂದಿನ ದಿನ ಗೆಳೆಯರೊಬ್ಬರ ಕೈಗೆ ಹಗ್ಗ ಕೊಟ್ಟು, ಬೇಲಿಯ ಹೊರಗೆ ನಿಂತು 10 ನಿಮಿಷ ನೋಡಿದೆ. ಎಡಕ್ಕೆ ಸುತ್ತುವಾಗಲೂ ಅದು ಒಳಕ್ಕೆ ವಾಲಲಿಲ್ಲ.