ಜಯನಗರದಿಂದ ಕ್ವೀನ್ಸ್ ರೋಡಿಗೆ ಸೈಕಲ್ಲಿನಲ್ಲಿ: ಬಿರೌಟರ್ ಹೇಗಿದೆ?

ಬೆಂಗಳೂರಿನಲ್ಲಿ ಸೈಕಲ್ ತುಳಿದು ಆಫೀಸಿಗೆ ಹೋಗಬೇಕು ಅಂದುಕೊಂಡವರು ಮೊದಲು ಕೇಳುವುದು "ಯಾವ ಸೈಕಲ್ ತಗೊಳ್ಳಲಿ?" ಅಂತ. ಮೊದಲು ದಾರಿ ಹುಡುಕಿ ಅಂತ ನಾನು ಹೇಳುತ್ತೇನೆ. ದಾರಿ ಚೆನ್ನಾಗಿದ್ದರೆ ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿರುವ ಹಳೇ ಸೈಕಲ್ಲಿಗೆ ಹೊಸ ಟ್ಯೂಬು, ಬ್ರೇಕ್ ಶೂ ಹಾಕಿಸಿದರೆ ಸಾಕು. ದಾರಿ ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಸೈಕಲ್ ತಂದರೂ ಸ್ವಲ್ಪ ದಿನಕ್ಕೇ ಅದು ಬಾಲ್ಕನಿ ಸೇರುತ್ತದೆ.

ದಾರಿ ಹುಡುಕಲು ನಾನು ಬಳಸುವುದು ಬಿರೌಟರ್. ಇದು ಆರ್ಂಟ್ ಬ್ರೆನ್‌ಶೆಡೆ ಎಂಬುವವರು ಶುರು ಮಾಡಿದ ಸಾಫ್ಟ್‌ವೇರ್. ಪೂರ್ತಿ ಉಚಿತ. ಜಾಹೀರಾತು ಇಲ್ಲ, ಅಕೌಂಟ್ ತೆರೆಯಬೇಕಾಗಿಲ್ಲ, ಫೋನ್ ನಂಬರ್ ಕೇಳುವುದಿಲ್ಲ. ಬ್ರೌಸರಿನಲ್ಲಿ ಬಿರೌಟರ್-ವೆಬ್ ಅಂತ ಹುಡುಕಿದರೆ ನಕ್ಷೆ ತೆರೆದುಕೊಳ್ಳುತ್ತದೆ. ಅದರ ಹಿಂದೆ ಇರುವುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ, ಜನರೇ ಸೇರಿಸಿ ತಿದ್ದುವ ನಕ್ಷೆ. ಮನೆ ಇರುವ ಕಡೆ ಒಂದು ಕ್ಲಿಕ್, ಆಫೀಸ್ ಇರುವ ಕಡೆ ಇನ್ನೊಂದು. ದಾರಿ ಬಂತು.

ಇಷ್ಟನ್ನು ಯಾವ ಆ್ಯಪ್ ಬೇಕಾದರೂ ಮಾಡುತ್ತದೆ, ಅಲ್ವಾ? ವ್ಯತ್ಯಾಸ ಇರುವುದು ಆ ದಾರಿಯನ್ನು ಅದು ಯಾವ ಲೆಕ್ಕದಲ್ಲಿ ಆರಿಸುತ್ತದೆ ಅನ್ನುವುದರಲ್ಲಿ. ನಾವು ದಿನಾ ನೋಡುವ ನಕ್ಷೆ ಆ್ಯಪ್‌ಗಳು ಹೆಚ್ಚಾಗಿ ನಿಮಿಷ ಎಣಿಸುತ್ತವೆ. ಎಲ್ಲಿ ಬೇಗ ತಲುಪುತ್ತೀರೋ ಅದೇ ಒಳ್ಳೆಯ ದಾರಿ. ಕಾರಿಗೆ, ಸ್ಕೂಟರಿಗೆ ಅದು ಸರಿ. ಸೈಕಲ್ಲಿನವರಿಗೆ ಬೇಕಾಗಿರುವುದೇ ಬೇರೆ. ಪಕ್ಕದಲ್ಲಿ ಬಸ್ಸು ಉಜ್ಜಿಕೊಂಡು ಹೋಗಬಾರದು. ಫ್ಲೈಓವರ್ ಹತ್ತುವ ಹಾಗಿರಬಾರದು. ದೊಡ್ಡ ಸರ್ಕಲ್ಲಿನಲ್ಲಿ ನಾಲ್ಕು ಸಾಲು ದಾಟಿ ಬಲಕ್ಕೆ ತಿರುಗುವ ಪರಿಸ್ಥಿತಿ ಬರಬಾರದು. ಇವೆಲ್ಲ ಸಿಕ್ಕಿದರೆ ಐದು ನಿಮಿಷ ಜಾಸ್ತಿ ಆದರೂ ನನಗೆ ಚಿಂತೆಯಿಲ್ಲ.

ಬಿರೌಟರ್ ಪ್ರತಿಯೊಂದು ರಸ್ತೆಗೂ ಒಂದು ಬೆಲೆ ಕಟ್ಟುತ್ತದೆ. ದೊಡ್ಡ ರಸ್ತೆಗೆ ಬೆಲೆ ಜಾಸ್ತಿ, ಮನೆಗಳ ನಡುವಿನ ಅಡ್ಡರಸ್ತೆಗೆ ಕಡಿಮೆ. ಏರು ಇದ್ದರೆ ಅದಕ್ಕೆ ಬೇರೆ, ತಿರುವು ಜಾಸ್ತಿ ಇದ್ದರೆ ಅದಕ್ಕೂ ಬೇರೆ. ಎಲ್ಲ ಕೂಡಿ ಯಾವುದು ಅಗ್ಗವೋ ಆ ದಾರಿಯನ್ನು ತೋರಿಸುತ್ತದೆ. ಈ ಬೆಲೆಪಟ್ಟಿಗೆ ಅವರು ಪ್ರೊಫೈಲ್ ಅನ್ನುತ್ತಾರೆ. ಟ್ರೆಕ್ಕಿಂಗ್ ಬೈಕ್, ಫಾಸ್ಟ್‌ಬೈಕ್, ಶಾರ್ಟೆಸ್ಟ್ ಹೀಗೆ ಹಲವು ಇವೆ. ಪ್ರೊಫೈಲ್ ಎಲ್ಲರಿಗೂ ತೆರೆದಿರುತ್ತದೆ. ಯಾವ ರಸ್ತೆಗೆ ಎಷ್ಟು ಬೆಲೆ ಅಂತ ಓದಬಹುದು, ಬೇಕಾದರೆ ಬದಲಾಯಿಸಬಹುದು. ನಾನು ಇದನ್ನು ಮೆಚ್ಚಿಕೊಳ್ಳಲು ಮುಖ್ಯ ಕಾರಣ ಇದೇ. ಯಾಕೆ ಈ ದಾರಿ ಅಂತ ಕೇಳಿದರೆ ಉತ್ತರ ಇದೆ.

ನನ್ನ ದಾರಿಯನ್ನೇ ತಗೊಳ್ಳಿ. ಜಯನಗರ 4ನೇ ಬ್ಲಾಕಿನಿಂದ ಕ್ವೀನ್ಸ್ ರೋಡಿಗೆ, ಸುಮಾರು 8 ಕಿಲೋಮೀಟರ್. ಯಾರನ್ನು ಕೇಳಿದರೂ ಲಾಲ್‌ಬಾಗ್ ಮೇನ್ ಗೇಟ್, ಡಬಲ್ ರೋಡ್, ರಿಚ್ಮಂಡ್ ಸರ್ಕಲ್ ಅಂತಾರೆ. ಆದರೆ ಡಬಲ್ ರೋಡಿನಲ್ಲಿ ಶಾಂತಿನಗರ ಬಸ್ ನಿಲ್ದಾಣ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಬಸ್ಸುಗಳು ಎಡಕ್ಕೆ ಸರಿಯುವ ರೀತಿ ನೋಡಿದವರಿಗೆ ಗೊತ್ತು, ಸೈಕಲ್ಲಿಗೆ ಅಲ್ಲಿ ಜಾಗವೇ ಇಲ್ಲ. ಅದಾದ ಮೇಲೆ ರಿಚ್ಮಂಡ್ ಸರ್ಕಲ್ಲಿನ ಫ್ಲೈಓವರ್ ಬೇರೆ.

ಟ್ರೆಕ್ಕಿಂಗ್ ಪ್ರೊಫೈಲಿನಲ್ಲಿ 'ಅವಾಯ್ಡ್ ಅನ್‌ಸೇಫ್' ಅನ್ನುವ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ದೊಡ್ಡ ರಸ್ತೆಗಳ ಬೆಲೆ ಇನ್ನೂ ಏರುತ್ತದೆ. ಹಾಗೆ ಮಾಡಿ, ಗೆರೆಯನ್ನು ಒಂದೆರಡು ಕಡೆ ಎಳೆದು ಸರಿಮಾಡಿಕೊಂಡ ಮೇಲೆ ನನ್ನ ದಾರಿ ಹೀಗೆ ನಿಂತಿದೆ. ಜಯನಗರದ ಒಳರಸ್ತೆಗಳಲ್ಲಿ ಅಶೋಕ ಪಿಲ್ಲರ್, ಅಲ್ಲಿಂದ ಸಿದ್ದಾಪುರ, ಹೊಂಬೇಗೌಡನಗರ, ವಿಲ್ಸನ್ ಗಾರ್ಡನ್ನಿನ ಕ್ರಾಸುಗಳು. ಆಮೇಲೆ ಲ್ಯಾಂಗ್‌ಫರ್ಡ್ ಟೌನ್, ರಿಚ್ಮಂಡ್ ಟೌನ್, ಎಂ.ಜಿ. ರೋಡ್ ದಾಟಿ ಕ್ವೀನ್ಸ್ ರೋಡ್. ಡಬಲ್ ರೋಡಿಗಿಂತ ಸ್ವಲ್ಪ ಉದ್ದ. ಆದರೆ ವಿಲ್ಸನ್ ಗಾರ್ಡನ್ ಒಳಗಿನ ರಸ್ತೆಗಳಲ್ಲಿ ಮರದ ನೆರಳಿದೆ, ಹಂಪುಗಳಿಂದಾಗಿ ಕಾರುಗಳೂ ಮೆಲ್ಲಗೆ ಹೋಗುತ್ತವೆ. ಹಂಪನ್ನು ಎಲ್ಲರೂ ಬಯ್ಯುತ್ತಾರೆ. ಸೈಕಲ್ಲಿನವರು ಬಯ್ಯಬಾರದು.

ಲಾಲ್‌ಬಾಗಿನ ಒಳಗೆ ನುಗ್ಗಿ ಹೋದರೆ ಎಷ್ಟು ಚೆನ್ನ ಅಂತ ನಕ್ಷೆ ನೋಡಿದವರಿಗೆಲ್ಲ ಅನ್ನಿಸುತ್ತದೆ. ಅಲ್ಲಿ ಸೈಕಲ್ ಬಿಡುವುದಿಲ್ಲ. ತೋಟವನ್ನು ಸುತ್ತಿಕೊಂಡೇ ಹೋಗಬೇಕು.

ನಕ್ಷೆಯ ಕೆಳಗೆ ಏರಿಳಿತದ ಗ್ರಾಫ್ ಬರುತ್ತದೆ. ಬೆಂಗಳೂರು ಸಪಾಟು ಊರು ಅನ್ನುವವರು ಅದನ್ನೊಮ್ಮೆ ನೋಡಬೇಕು. ನಮ್ಮ ಊರು ದಿಣ್ಣೆ ಮತ್ತು ಕಣಿವೆಗಳ ಮೇಲೆ ಕೂತಿದೆ. ಶಾಂತಿನಗರದ ಹತ್ತಿರ ರಾಜಕಾಲುವೆ ಹರಿದು ಕೋರಮಂಗಲದ ಕಡೆಗೆ, ಅಲ್ಲಿಂದ ಬೆಳ್ಳಂದೂರು ಕೆರೆಗೆ ಹೋಗುತ್ತದೆ. ಹಾಗಾಗಿ ಆ ಜಾಗ ತಗ್ಗು. ದಕ್ಷಿಣದಿಂದ ಬರುವವರು ಯಾವ ದಾರಿಯಲ್ಲಿ ಬಂದರೂ ಅಲ್ಲಿಗೆ ಇಳಿದು ರಿಚ್ಮಂಡ್ ಟೌನಿಗೆ ಹತ್ತಲೇಬೇಕು. ಪ್ರಶ್ನೆ ಎಲ್ಲಿ ಹತ್ತುತ್ತೀರಿ ಅನ್ನುವುದು ಅಷ್ಟೇ. ಸಿಗ್ನಲ್ ಬಿಟ್ಟ ಕೂಡಲೇ, ಹಿಂದೆ ಹಾರ್ನ್ ಹೊಡೆಯುತ್ತಿರುವಾಗ ಹತ್ತುವುದು ಕಷ್ಟ. ಖಾಲಿ ರಸ್ತೆಯಲ್ಲಿ ಸಣ್ಣ ಗೇರ್ ಹಾಕಿಕೊಂಡು ಆರಾಮಾಗಿ ಹತ್ತಿದರೆ ಬೆವರೂ ಬರುವುದಿಲ್ಲ. ಗ್ರಾಫಿನ ಮೇಲೆ ಬೆರಳಿಟ್ಟರೆ ನಕ್ಷೆಯಲ್ಲಿ ಆ ಜಾಗ ಕಾಣುತ್ತದೆ. ಎರಡು ಏರುಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಸುಲಭದ ಸಾಧನ ನನಗೆ ಸಿಕ್ಕಿಲ್ಲ.

ಒಂದು ಎಚ್ಚರ. ಈ ಎತ್ತರದ ಲೆಕ್ಕಕ್ಕೆ ನಮ್ಮ ಕಡೆ ಆಧಾರ, 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಎಂಡೆವರ್ ರಾಡಾರಿನಿಂದ ಮಾಡಿದ ಅಳತೆ. ನೆಲದ ಏರಿಳಿತ ಚೆನ್ನಾಗಿ ಬರುತ್ತದೆ. ಫ್ಲೈಓವರಿನ ಏರು ಬರುವುದಿಲ್ಲ. ಗ್ರಾಫ್ ಸಪಾಟಾಗಿದೆ ಅಂತ ನಂಬಿ ಹೋದರೆ ಎದುರಿಗೆ ಕಾಂಕ್ರೀಟ್ ದಿಬ್ಬ ನಿಂತಿರುತ್ತದೆ. ದಾರಿ ಫ್ಲೈಓವರ್ ಮೇಲೆ ಹೋಗುತ್ತಿದೆಯೋ, ಕೆಳಗಿನ ಸರ್ವಿಸ್ ರಸ್ತೆಯಲ್ಲೋ ಅಂತ ನಕ್ಷೆಯನ್ನು ದೊಡ್ಡದು ಮಾಡಿ ನೋಡಿಕೊಳ್ಳಿ.

ನಾನು ಎಲ್ಲಕ್ಕಿಂತ ಜಾಸ್ತಿ ಬಳಸುವುದು 'ನೋ-ಗೋ' ಅನ್ನುವ ಸೌಲಭ್ಯ. ಬೇಡದ ಜಾಗದ ಮೇಲೆ ಒಂದು ವೃತ್ತ ಎಳೆದರೆ ದಾರಿ ಅದನ್ನು ಬಿಟ್ಟು ಬಳಸಿಕೊಂಡು ಹೋಗುತ್ತದೆ. ನನ್ನ ನಕ್ಷೆಯಲ್ಲಿ ರಿಚ್ಮಂಡ್ ಸರ್ಕಲ್ ಮೇಲೆ ಒಂದು ವೃತ್ತ ಶಾಶ್ವತವಾಗಿ ಇದೆ. ರಸ್ತೆ ಅಗೆದ ಕಡೆ, ವೈಟ್‌ಟಾಪಿಂಗ್ (ರಸ್ತೆಗೆ ಕಾಂಕ್ರೀಟ್ ಹಾಕುವ ಕೆಲಸ) ನಡೆಯುತ್ತಿರುವ ಕಡೆ ತಾತ್ಕಾಲಿಕವಾಗಿ ಹಾಕಿಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ಅಳಿಸುತ್ತೇನೆ. ನಾಯಿಗಳ ಗುಂಪು ಇರುವ ಬೀದಿಗೂ ಹಾಕಬಹುದು. ರಾತ್ರಿ ದೀಪ ಇಲ್ಲದ ಬೀದಿಗೂ ಹಾಕಬಹುದು. ಒಬ್ಬಳೇ ಸಂಜೆ ಏಳಕ್ಕೆ ವಾಪಸ್ ಬರುವ ನನಗೆ ಇದು ದೊಡ್ಡ ಅನುಕೂಲ. ಬೇರೆ ಆ್ಯಪ್‌ಗಳಲ್ಲಿ ನಾನು ನಕ್ಷೆಯ ಮಾತು ಕೇಳಬೇಕು. ಇಲ್ಲಿ ನಕ್ಷೆ ನನ್ನ ಮಾತು ಕೇಳುತ್ತದೆ.

ಹೋಗುವ ದಾರಿಯೇ ಬರುವ ದಾರಿ ಅಂದುಕೊಳ್ಳಬೇಡಿ. ರಿಚ್ಮಂಡ್ ರೋಡ್, ರೆಸಿಡೆನ್ಸಿ ರೋಡ್ ಎಲ್ಲ ಒನ್‌ವೇ. ಸಂಜೆಯ ದಾರಿಯನ್ನು ಬೇರೆಯಾಗಿ ಹುಡುಕಲೇಬೇಕು. ಇಲ್ಲಿ ಬಿರೌಟರಿನ ಒಂದು ಗುಣವನ್ನು ತಿಳಿದಿರಬೇಕು. ಸಣ್ಣ ಬೀದಿಯಾಗಿದ್ದರೆ ಅದು ಕೆಲವು ಸಲ ಒನ್‌ವೇಗೆ ಎದುರಾಗಿಯೂ ದಾರಿ ತೋರಿಸುತ್ತದೆ. ಇಳಿದು ಸೈಕಲ್ ತಳ್ಳಿಕೊಂಡು ಹೋಗುತ್ತೀರಿ ಅನ್ನುವುದು ಅದರ ಲೆಕ್ಕ. ತಳ್ಳಿಕೊಂಡು ಹೋಗಿ, ತುಳಿಯಬೇಡಿ. ಹಾಗೆಯೇ ಟ್ರೆಕ್ಕಿಂಗ್ ಪ್ರೊಫೈಲ್ ಮೆಟ್ಟಿಲನ್ನೂ ದಾರಿ ಅಂತಲೇ ಎಣಿಸುತ್ತದೆ. 'ಅಲೋ ಸ್ಟೆಪ್ಸ್' ಅನ್ನುವ ಗುರುತನ್ನು ತೆಗೆದುಬಿಡಿ. ಸ್ಕೈವಾಕ್ ಹತ್ತಿ ಇಳಿಯುವ ಕೆಲಸ ತಪ್ಪುತ್ತದೆ.

ಕೊರತೆ ಏನು? ಈಗಿನ ಟ್ರಾಫಿಕ್ ಅದಕ್ಕೆ ಗೊತ್ತಿಲ್ಲ. ಗುಂಡಿ ಗೊತ್ತಿಲ್ಲ. ಬೆಂಗಳೂರಿನ ಎಷ್ಟೋ ರಸ್ತೆಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಟಾರೋ, ಮಣ್ಣೋ, ಕಾಂಕ್ರೀಟೋ ಅನ್ನುವ ವಿವರವೇ ಇಲ್ಲ. ನಕ್ಷೆಯಲ್ಲಿ ಮಾಮೂಲಿ ಬೀದಿ ಅಂತ ಇರುವುದು ನಿಜದಲ್ಲಿ ಗೂಡ್ಸ್ ಆಟೋ ತುಂಬಿದ ಗಲ್ಲಿ ಆಗಿರಬಹುದು. ಸೈಕಲ್ ಲೇನುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ಜಯನಗರದಲ್ಲಿ ಸೈಕಲ್ಲಿಗೆ ಅಂತ ಬಣ್ಣ ಬಳಿದು ಲೇನ್ ಮಾಡಿದ್ದರು. ಆ ಜಾಗದಲ್ಲಿ ಈಗ ಕಾರುಗಳು ನಿಂತಿರುತ್ತವೆ. ನಕ್ಷೆಯಲ್ಲಿ ಲೇನ್ ಇದ್ದ ಮಾತ್ರಕ್ಕೆ ರಸ್ತೆಯಲ್ಲಿ ಇದೆ ಅಂತ ಅಲ್ಲ. ಅದಕ್ಕೇ ಹೊಸ ದಾರಿಯನ್ನು ಮೊದಲು ಒಂದು ಭಾನುವಾರ ತುಳಿದು ನೋಡಿ. ಆಮೇಲೆ ಕೆಲಸದ ದಿನ, ನೀವು ಹೊರಡುವ ಹೊತ್ತಿಗೇ ಇನ್ನೊಮ್ಮೆ ನೋಡಿ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಎಲ್ಲ ರಸ್ತೆಯೂ ಚೆನ್ನಾಗಿಯೇ ಇರುತ್ತದೆ.

ಸವಾರಿ ದಾಖಲಿಸುವ ಆ್ಯಪ್ ಆದ ಸ್ಟ್ರಾವಾದ ಹೀಟ್‌ಮ್ಯಾಪ್ ನೋಡಿ ದಾರಿ ಆರಿಸಿ ಅಂತ ಹಲವರು ಹೇಳುತ್ತಾರೆ. ಜನ ತಮ್ಮ ಸವಾರಿ ದಾಖಲಿಸಿದ ರಸ್ತೆಗಳು ಅದರಲ್ಲಿ ಹೊಳೆಯುತ್ತವೆ. ನಾನೂ ನೋಡುತ್ತೇನೆ. ಆದರೆ ಅದರಲ್ಲಿ ಹೊಳೆಯುವುದು ವ್ಯಾಯಾಮಕ್ಕೆ ತುಳಿಯುವವರ ರಸ್ತೆಗಳು. ನಂದಿ ಬೆಟ್ಟದ ಕಡೆ ಹೋಗುವವರು ಬೆಳಿಗ್ಗೆ ಐದಕ್ಕೆ ಹೆದ್ದಾರಿಯಲ್ಲಿ ಹೋದರು ಅಂತ ನಾನು ಒಂಬತ್ತಕ್ಕೆ ಹೆದ್ದಾರಿಯಲ್ಲಿ ಹೋಗಲಿಕ್ಕಾಗುವುದಿಲ್ಲ. ಈ ಊರಿನಲ್ಲಿ ದಿನಾ ಸೈಕಲ್ ತುಳಿಯುವವರು ಬೇರೆ ಇದ್ದಾರೆ. ಪೇಪರ್ ಹಾಕುವ ಹುಡುಗರು, ಕ್ಯಾನಿನಲ್ಲಿ ಟೀ ಮಾರುವವರು, ಸೆಕ್ಯುರಿಟಿ ಡ್ಯೂಟಿಗೆ ಹೋಗುವವರು. ಅವರು ಯಾವ ಆ್ಯಪಿನಲ್ಲೂ ದಾಖಲಾಗಿಲ್ಲ. ಅವರಷ್ಟು ದಾರಿ ಬಲ್ಲವರು ಯಾರೂ ಇಲ್ಲ. ಸಿದ್ದಾಪುರದ ಹತ್ತಿರ ನನ್ನ ಸೈಕಲ್ಲಿಗೆ ಪಂಕ್ಚರ್ ಹಾಕಿದ ಹಿರಿಯರು ಕೇಳಿದರು, "ಎಲ್ಲಿಗಮ್ಮಾ ದಿನಾ?" ಕ್ವೀನ್ಸ್ ರೋಡ್ ಅಂದೆ. "ಮೇನ್ ರೋಡಿಗೆ ಹೋಗ್ಬೇಡಿ. ವಿಲ್ಸನ್ ಗಾರ್ಡನ್ ಒಳಗೇ ಇರಿ. ಸ್ಕೂಲ್ ಬಿಡೋ ಹೊತ್ತಿಗೆ ಮಾತ್ರ ಒಂದು ಕ್ರಾಸ್ ಆಚೆ ಹೋಗಿ" ಅಂದರು. ಆ ಸ್ಕೂಲಿನ ಬೀದಿಗೆ ಅವತ್ತೇ ಒಂದು ನೋ-ಗೋ ವೃತ್ತ ಬಿತ್ತು. ಅವರ ಅನುಭವವನ್ನು ನಕ್ಷೆಗೆ ಸೇರಿಸಿಕೊಳ್ಳಲು ಆಯಿತಲ್ಲ, ಅದಕ್ಕೆ ಈ ಸಾಧನ ನನಗೆ ಇಷ್ಟ.

ಫೋನಿನಲ್ಲಿ ಬಳಸುವವರಿಗೆ. ಆಂಡ್ರಾಯ್ಡಿಗೆ ಬಿರೌಟರ್ ಆ್ಯಪ್ ಇದೆ, ಅದನ್ನು ಓಸ್ಮ್ಯಾಂಡ್ ಅನ್ನುವ ನಕ್ಷೆ ಆ್ಯಪ್ ಜೊತೆ ಜೋಡಿಸಬಹುದು. ನಕ್ಷೆಯ ಡೇಟಾ ಐದೈದು ಡಿಗ್ರಿಯ ಚೌಕಗಳಾಗಿ ಬರುತ್ತದೆ. ಬೆಂಗಳೂರಿಗೆ ಬೇಕಾದ ಫೈಲು 'ಇ75 ಎನ್10'. ಮೈಸೂರು, ಹಾಸನ, ಶಿವಮೊಗ್ಗ, ದಾವಣಗೆರೆ ಕೂಡ ಅದರಲ್ಲೇ ಬರುತ್ತವೆ. ಮಂಗಳೂರು, ಉಡುಪಿಯವರು ಅದರ ಪಶ್ಚಿಮದ ಚೌಕ ಇಳಿಸಿಕೊಳ್ಳಬೇಕು, ಹುಬ್ಬಳ್ಳಿಯವರು ಉತ್ತರದ್ದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ದಾರಿ ಹುಡುಕುತ್ತದೆ. ಜೋಡಿಸುವ ಕೆಲಸ ಸ್ವಲ್ಪ ಕಿರಿಕಿರಿ. ಅದು ಬೇಡ ಅನ್ನುವವರು ಕಂಪ್ಯೂಟರಿನಲ್ಲಿ ದಾರಿ ಮಾಡಿ, ಜಿಪಿಎಕ್ಸ್ ಫೈಲಾಗಿ ಉಳಿಸಿ ಓಸ್ಮ್ಯಾಂಡಿನಲ್ಲಿ ತೆರೆದರೆ ಆಯಿತು. ನಾನು ಮಾಡುವುದೂ ಹಾಗೇ. ಓಸ್ಮ್ಯಾಂಡಿನಲ್ಲಿ ನಕ್ಷೆಯ ಭಾಷೆ ಕನ್ನಡ ಅಂತ ಇಟ್ಟುಕೊಂಡರೆ, ಯಾರಾದರೂ ಕನ್ನಡದಲ್ಲಿ ಹೆಸರು ಸೇರಿಸಿರುವ ಕಡೆ ಕನ್ನಡದಲ್ಲೇ ಕಾಣುತ್ತದೆ. ಸೇರಿಸದ ಕಡೆ ನೀವೇ ಸೇರಿಸಬಹುದು. ನಮ್ಮ ಕ್ರಾಸಿನ ಸುತ್ತಮುತ್ತ ನಾನು ಸೇರಿಸಿದ್ದೇನೆ.

ರಸ್ತೆಯ ವಿವರ ತುಂಬಲು ಸ್ಟ್ರೀಟ್‌ಕಂಪ್ಲೀಟ್ ಅನ್ನುವ ಆಂಡ್ರಾಯ್ಡ್ ಆ್ಯಪ್ ಒಳ್ಳೆಯದು. ಇದು ಟಾರ್ ರಸ್ತೆಯೋ ಮಣ್ಣಿನದೋ, ಇಲ್ಲಿ ಬೀದಿ ದೀಪ ಇದೆಯೋ ಅಂತ ನಿಂತ ಜಾಗದಲ್ಲೇ ಕೇಳುತ್ತದೆ. ನೀವು ಕೊಟ್ಟ ಉತ್ತರ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಹೋಗುತ್ತದೆ. ಅಲ್ಲಿಂದ ಬಿರೌಟರಿನ ಲೆಕ್ಕಕ್ಕೂ ಬರುತ್ತದೆ. ನಿಮ್ಮ ಬಡಾವಣೆಯ ಅಡ್ಡರಸ್ತೆಗೆ ಬೀಗ ಹಾಕಿದ ಗೇಟಿದ್ದರೆ ದಯವಿಟ್ಟು ಅದನ್ನೂ ನಕ್ಷೆಗೆ ಸೇರಿಸಿ. ಮುಂದೆ ಬರುವ ಸೈಕಲ್ಲಿನವರು ಗೇಟಿನ ತನಕ ಬಂದು ತಿರುಗಿ ಹೋಗುವುದು ತಪ್ಪುತ್ತದೆ. ಅಲಸೂರು, ದೊಮ್ಮಲೂರಿನ ಕಡೆಯವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಸೇನೆಯ ಜಾಗ ಜಾಸ್ತಿ. ಯಾವ ರಸ್ತೆ ಸಾರ್ವಜನಿಕರಿಗೆ ತೆರೆದಿದೆ, ಯಾವುದು ಇಲ್ಲ ಅನ್ನುವುದು ನಕ್ಷೆಯಲ್ಲಿ ಸರಿಯಾಗಿ ಇರಬೇಕು.

ಯಾರಿಗೆ ಇದು ಬೇಡ? ಬಟನ್ ಒತ್ತಿದ ಕೂಡಲೇ ಹೊರಡಬೇಕು ಅನ್ನುವವರಿಗೆ ಬೇಡ. ಕೂತು ಅರ್ಧ ಗಂಟೆ ನೋಡುವ ತಾಳ್ಮೆ ಬೇಕು. ದಿನಾ ಒಂದೇ ದಾರಿಯಲ್ಲಿ ಹೋಗುವವರಿಗೆ ಆ ಅರ್ಧ ಗಂಟೆ ಏನೂ ಅಲ್ಲ. ನನ್ನಿಂದ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ನಮ್ಮ ಊರಿನ ನಕ್ಷೆಯಲ್ಲಿ ಇನ್ನೂ ಖಾಲಿ ಇರುವ ವಿವರಗಳಿಗೆ. ಅದನ್ನು ತುಂಬುವುದು ನಮ್ಮ ಕೈಯಲ್ಲೇ ಇದೆ.

ಮಳೆಗಾಲಕ್ಕೆ ಒಂದು ಮಾತು. ಮುಖ್ಯ ದಾರಿಯ ಜೊತೆಗೆ ಇನ್ನೂ ಮೂರು ಬದಲಿ ದಾರಿಗಳನ್ನು ಬಿರೌಟರ್ ಕೊಡುತ್ತದೆ. ಅದರಲ್ಲಿ ಒಂದನ್ನಾದರೂ ಜೂನ್ ಬರುವ ಮೊದಲೇ ತುಳಿದು ನೋಡಿ, ಲಿಂಕನ್ನು ನಿಮಗೇ ವಾಟ್ಸಾಪ್ ಮಾಡಿಕೊಂಡಿರಿ. ಲಿಂಕಿನ ಒಳಗೇ ಪೂರ್ತಿ ದಾರಿ ಇರುತ್ತದೆ. ಶಾಂತಿನಗರದಂಥ ತಗ್ಗಿನಲ್ಲಿ ನೀರು ನಿಂತ ಸಂಜೆ ಅದನ್ನು ತೆರೆದುಕೊಂಡು ಹೊರಟರೆ ಆಯಿತು.