ಬಿಚ್ಚೋದಾ, ಹಾಗೇ ಇಡೋದಾ? ಲೆಗೊ ಜೊತೆ ಆರು ವರ್ಷ

ಆರು ವರ್ಷ ಬಳಸಿದ ಮೇಲೆ ವಿಮರ್ಶೆ ಬರೆಯುವುದರಲ್ಲಿ ಒಂದು ಅನುಕೂಲವಿದೆ. ಡಬ್ಬದ ಮೇಲಿದ್ದ ಚಂದದ ಚಿತ್ರ ಅಷ್ಟೊತ್ತಿಗೆ ಮರೆತೇ ಹೋಗಿರುತ್ತದೆ. ನಮ್ಮ ಮನೆಯಲ್ಲೀಗ ಕೊಂಡದ್ದು, ಹುಟ್ಟುಹಬ್ಬಕ್ಕೆ ಬಂದದ್ದು, ನೆಂಟರ ಮಕ್ಕಳು ದೊಡ್ಡವರಾದ ಮೇಲೆ ನಮಗೆ ದಾಟಿದ್ದು ಎಲ್ಲ ಸೇರಿ ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿ ತುಂಬಾ ಲೆಗೊ ಇಟ್ಟಿಗೆಗಳಿವೆ, ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಆಟಿಕೆ ಚೂರುಗಳು. ಯಾವುದು ಯಾವ ಸೆಟ್ಟಿನದು ಅಂತ ಈಗ ಯಾರೂ ಹೇಳಲಾರರು. ಒಬ್ಬರನ್ನು ಬಿಟ್ಟು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಮನೆಯ ಭಾಷೆ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇಟ್ಟಿಗೆಯ ಮೇಲೆ ಎದ್ದಿರುವ ಉಬ್ಬುಗಳಿಗೆ ಮಗಳು ಚಿಕ್ಕವಳಿದ್ದಾಗ 'ಚುಕ್ಕಿ' ಅಂದಳು, ಅದೇ ಉಳಿದುಕೊಂಡಿತು. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಇರುವ ಮಾಮೂಲಿ ಇಟ್ಟಿಗೆ 'ಎಂಟು ಚುಕ್ಕಿ'. ಚಪ್ಪಟೆಯವು 'ತೆಳು'. ಛಾವಣಿಗೆ ಹಾಕುವ ಓರೆಯವು 'ಜಾರು'. ಅಂಟಿಕೊಂಡದ್ದನ್ನು ಎಬ್ಬಿಸುವ ಕಿತ್ತಳೆ ಬಣ್ಣದ ಪುಟ್ಟ ಸಾಧನ 'ಕೊಕ್ಕು'. "ಅಮ್ಮಾ, ಕೆಂಪು ನಾಲ್ಕು ಚುಕ್ಕಿ ತೆಳು ಕೊಡು" ಅಂದರೆ ಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಶುರುವಾದದ್ದು ಡುಪ್ಲೊದಿಂದ, ಅಂದರೆ ಪುಟ್ಟ ಮಕ್ಕಳಿಗೆಂದು ಲೆಗೊದವರೇ ಮಾಡುವ ದೊಡ್ಡ ಇಟ್ಟಿಗೆಗಳಿಂದ, ಮಗಳಿಗೆ ಎರಡೂವರೆ ವರ್ಷವಿದ್ದಾಗ. ಡುಪ್ಲೊ ಇಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಸಾಮಾನ್ಯ ಲೆಗೊದ ಎರಡರಷ್ಟು. ಬಾಯಿಗೆ ಹೋಗುವ ಗಾತ್ರವಲ್ಲ. ಎರಡು ವರ್ಷ ಆಡಿ ಅವಳು ಸಣ್ಣ ಇಟ್ಟಿಗೆಗೆ ಹೋದಾಗ, ಡುಪ್ಲೊವನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಮಗ ಹುಟ್ಟಿದ, ಡಬ್ಬ ಉಳಿಯಿತು. ಉಳಿದದ್ದು ಒಳ್ಳೆಯದೇ ಆಯಿತು. ಏಕೆಂದರೆ ಡುಪ್ಲೊದ ಚುಕ್ಕಿಗಳ ಮೇಲೆ ಸಾಮಾನ್ಯ ಎಂಟು ಚುಕ್ಕಿ ಇಟ್ಟಿಗೆ ಕರಾರುವಾಕ್ಕಾಗಿ ಕೂರುತ್ತದೆ. ಇದು ನನಗೆ ಗೊತ್ತಾದದ್ದು ತೀರಾ ತಡವಾಗಿ. ಗೊತ್ತಾದ ದಿನದಿಂದ ಅಕ್ಕ ತಮ್ಮನ ಅರ್ಧ ಜಗಳ ನಿಂತಿತು. ಅವನು ಪಾಯ ಹಾಕುತ್ತಾನೆ, ಅವಳು ಮೇಲೆ ಮಹಡಿ ಕಟ್ಟುತ್ತಾಳೆ. ಪಾಯ ಸೊಟ್ಟಗಿದ್ದರೆ ಅವಳ ಅರಮನೆಯೂ ಸೊಟ್ಟ. ಹಾಗಾಗಿ ತಮ್ಮನನ್ನು ಒಲಿಸಿಕೊಳ್ಳುವ ಕಲೆ ಅವಳಿಗೆ ಬಂದಿದೆ.

ಈ ಆಟದಲ್ಲಿ ನಾನು ಎಣಿಸದೇ ಇದ್ದದ್ದು ಮಾವನವರ ಪಾಲು. ಪ್ಲಾಸ್ಟಿಕ್ ಆಟಿಕೆ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಒಂದು ಸಂಜೆ ಮೊಮ್ಮಗಳು ಕಟ್ಟಿದ ಗೋಡೆಯನ್ನು ಕೈಯಲ್ಲಿ ಹಿಡಿದು, "ಇದಕ್ಕೆ ಅಂಟು ಏನು ಹಾಕಿದ್ದೀಯೇ?" ಅಂತ ಕೇಳಿದರು. ಅಂಟಿಲ್ಲ ಅಂದಾಗ ನಂಬಲಿಲ್ಲ. ಒಂದು ಇಟ್ಟಿಗೆಯನ್ನು ತಿರುಗಿಸಿ ಹೊಟ್ಟೆಯ ಕಡೆ ನೋಡಿದರು. ಎಂಟು ಚುಕ್ಕಿಯ ಒಳಗೆ ಮೂರು ಟೊಳ್ಳು ಕೊಳವೆಗಳಿರುತ್ತವೆ. ಕೆಳಗಿನ ಇಟ್ಟಿಗೆಯ ಚುಕ್ಕಿಗಳು ಆ ಕೊಳವೆಗೂ ಪಕ್ಕದ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬಲ್ಲಿ 1932ರಲ್ಲಿ ಒಬ್ಬ ಬಡಗಿ ಮರದ ಆಟಿಕೆ ಮಾಡಲು ಶುರುಮಾಡಿದ ಕಂಪನಿ ಇದು. 1949ರ ಸುಮಾರಿಗೆ ಅವರು ತಂದ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗಳ ಒಳಗೆ ಬರೀ ಟೊಳ್ಳು, ಹಿಡಿತ ಸಾಲದು. ಕೊಳವೆ ಬಂದದ್ದು 1958ರಲ್ಲಿ. ಇದನ್ನೆಲ್ಲ ಹೇಳಿದೆ. ಮಾವನವರು ಬಡಗಿ ಅನ್ನುವ ಮಾತಿಗೆ ಮಾತ್ರ ತಲೆದೂಗಿದರು. ಆಮೇಲೆ ಗೋಡೆಯನ್ನು ಮತ್ತೆ ನೋಡಿ, "ಸಂದಿನ ಮೇಲೆ ಸಂದು ಬಂದಿದೆಯಲ್ಲ, ಹೀಗೆ ಕಟ್ಟಿದರೆ ನಿಲ್ಲಲ್ಲ ಪುಟ್ಟಿ" ಅಂದರು. ಮೇಲಿನ ಸಾಲನ್ನು ಅರ್ಧ ಇಟ್ಟಿಗೆ ಸರಿಸಿ ಕಟ್ಟಿ ತೋರಿಸಿದರು. ನಾನು ಒಂದು ವರ್ಷದಿಂದ ಅವಳ ಪಕ್ಕದಲ್ಲೇ ಕೂತಿದ್ದರೂ ಹೇಳಿಕೊಡದೆ ಇದ್ದ ಪಾಠ ಅದು. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಕಟ್ಟುವ ಕ್ರಮದ ಪುಸ್ತಕದಲ್ಲಿ ಚಿತ್ರ ಮಾತ್ರ ಇರುತ್ತದೆ, ಓದುವುದಕ್ಕೆ ಹೆಚ್ಚೇನೂ ಇಲ್ಲ. ಓದು ಬರದ ಮಗುವಿಗೂ ಬೇರೆ ಭಾಷೆ ಬಾರದ ತಾತನಿಗೂ ಒಂದೇ ಲೆಕ್ಕ. ಹಾಗಾಗಿ ಈ ಆಟದಲ್ಲಿ ಮನೆಯ ಹಿರಿಯರು ಬರೀ ನೋಡುವವರಾಗಿ ಉಳಿಯುವುದಿಲ್ಲ. ತೊಂದರೆ ಕೊಡುವವರು ನಡುವಿನ ವಯಸ್ಸಿನವರು, ಅಂದರೆ ನನ್ನಂಥವರು. ಮಗು ಒಂದು ಇಟ್ಟಿಗೆಯನ್ನು ತಪ್ಪು ಜಾಗಕ್ಕೆ ಒತ್ತುತ್ತಿರುವುದು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಒಂದು ದಿನ ಮಗಳು, "ಅಮ್ಮಾ, ಕೈ ಹಿಂದೆ ಕಟ್ಕೋ" ಅಂದಳು. ಅವತ್ತಿನಿಂದ ಮನೆಯಲ್ಲಿ ಅದೊಂದು ನಿಯಮ. ಯಾರು ಕಟ್ಟುತ್ತಿದ್ದಾರೋ ಅವರು ಕೇಳುವವರೆಗೆ ಉಳಿದವರ ಕೈ ಹಿಂದೆ. ಹದಿನಾಲ್ಕನೇ ಪುಟದಲ್ಲಿ ಒಂದು ಚುಕ್ಕಿ ಆಚೀಚೆಯಾದದ್ದು ನಲವತ್ತನೇ ಪುಟಕ್ಕೆ ಬಂದಾಗ ಗೊತ್ತಾಗಿ, ಅಲ್ಲಿಯವರೆಗೂ ಬಿಚ್ಚಿಕೊಂಡು ಹೋಗುವುದನ್ನು ಕೈ ಹಿಂದೆ ಕಟ್ಟಿಕೊಂಡು ನೋಡುವುದಿದೆಯಲ್ಲ, ಅದರಷ್ಟು ಕಷ್ಟದ ಕೆಲಸ ನಾನು ಈಚೆಗೆ ಮಾಡಿಲ್ಲ.

ಇನ್ನು ಅಗ್ನಿಶಾಮಕ ಗಾಡಿಯ ಕತೆ.

ಮಗಳಿಗೆ ಐದು ತುಂಬಿದಾಗ ಅವರಪ್ಪ ಕೊಡಿಸಿದ್ದು. ಕೆಂಪು ಗಾಡಿ, ಏಣಿ ಮೇಲೆದ್ದು ತಿರುಗುತ್ತದೆ, ಮುಂದೆ ಒಂದು ಅಗಲವಾದ ಗಾಜು. ಅಪ್ಪ ಮಗಳು ಎರಡು ಸಂಜೆ ಕೂತು ಕಟ್ಟಿದರು. ಕಟ್ಟಿ ಮುಗಿಸಿ ಕಪಾಟಿನ ಮೇಲೆ ಇಟ್ಟರು. ಅಲ್ಲಿಗೆ ಮುಗಿಯಿತು. ಸುಮಾರು ಒಂದು ವರ್ಷ ಅದು ಅಲ್ಲೇ ಇತ್ತು. ಧೂಳು ಕೂತಿತು. ಅವಳೂ ಆಡಲಿಲ್ಲ, ಯಾರಿಗೂ ಮುಟ್ಟಲು ಬಿಡಲಿಲ್ಲ. ಅದರಲ್ಲಿದ್ದ ಆರು ಚಕ್ರಗಳು ಬೇರೆ ಯಾವುದಕ್ಕೋ ಬೇಕೆಂದು ಅವಳೇ ಒದ್ದಾಡುತ್ತಿದ್ದಳು, ಆದರೂ ಬಿಚ್ಚಲು ಮನಸ್ಸಿಲ್ಲ. ನಾನು "ಬಿಚ್ಚೋಣ" ಅನ್ನುವುದು, ಇವರು "ಸೆಟ್ಟು ಹಾಳಾಗುತ್ತೆ, ಒಂದು ಚೂರು ಕಳೆದರೂ ಮತ್ತೆ ಕಟ್ಟೋಕಾಗಲ್ಲ" ಅನ್ನುವುದು. ಮೇಲೆ ಹೇಳಿದ ಆ 'ಒಬ್ಬರು' ಇವರೇ. ಯಾವ ಚೂರು ಯಾವ ಸೆಟ್ಟಿನದು ಎಂದು ಇಂದಿಗೂ ನೆನಪಿಟ್ಟಿದ್ದಾರೆ. ಪುಸ್ತಕಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದಾರೆ.

ತೀರ್ಪು ಕೊಟ್ಟವನು ಒಂದೂವರೆ ವರ್ಷದ ಮಗ. ಕಪಾಟಿನ ಕೆಳಗೆ ನಿಂತು ಹೊದಿಕೆಯ ಬಟ್ಟೆ ಎಳೆದ. ಗಾಡಿ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾಯಿತು. ಮಗಳು ಅತ್ತಳು, ಸಮಾಧಾನ ಮಾಡುವ ಗಡಿಬಿಡಿಯಲ್ಲಿ ನಾವು ಚಿಕ್ಕವನನ್ನು ನೋಡಲಿಲ್ಲ. ನೋಡಿದಾಗ ಅವನ ಕೆನ್ನೆ ಒಂದು ಕಡೆ ಉಬ್ಬಿತ್ತು. ಬಾಯಲ್ಲಿ ಒಂದು ಚುಕ್ಕಿಯ ಇಟ್ಟಿಗೆ. ತೆಗೆದೆವು, ಏನೂ ಆಗಲಿಲ್ಲ, ಆದರೆ ಆ ಅರ್ಧ ನಿಮಿಷ ಮರೆಯುವಂಥದ್ದಲ್ಲ. ಮೂರು ವರ್ಷದೊಳಗಿನ ಮಕ್ಕಳಿಗಲ್ಲ ಅಂತ ಡಬ್ಬದ ಮೇಲೆ ಸುಮ್ಮನೆ ಹಾಕಿರುವುದಿಲ್ಲ. ಮನೆಯಲ್ಲಿ ಒಂದು ಮಗು ಅದಕ್ಕಿಂತ ಚಿಕ್ಕದಿದ್ದರೆ ದೊಡ್ಡ ಮಗುವಿನ ಡಬ್ಬವೂ ಅಷ್ಟೇ ಅಪಾಯ. ನಾವು ಆಮೇಲೆ ಒಂದೂವರೆ ವರ್ಷ ಸಣ್ಣ ಇಟ್ಟಿಗೆಗಳನ್ನು ಎತ್ತರದ ಮೇಜಿನ ಮೇಲೆ ಮಾತ್ರ, ಅದೂ ಅವನು ಮಲಗಿದಾಗ ಮಾತ್ರ ತೆರೆದೆವು.

ಅತ್ತು ಮುಗಿದ ಮೇಲೆ ಮಗಳು ಏನು ಮಾಡಿದಳು ಗೊತ್ತೆ? ಬಿದ್ದ ಚೂರುಗಳನ್ನು ಒಟ್ಟು ಮಾಡಿ, ಆ ಆರು ಚಕ್ರ ಹಾಕಿ, ತಾತನಿಗೆ ಕೂತಲ್ಲೇ ಓಡಾಡುವ ಕುರ್ಚಿ ಗಾಡಿ ಕಟ್ಟಿದಳು. ಏಣಿ ಅದರ ಬೆನ್ನಿಗೆ. "ತಾತ ಅಟ್ಟ ಹತ್ತೋಕೆ" ಅಂತೆ. ಅಲ್ಲಿಂದ ಆಚೆಗೆ ಅವಳ ಆಟದ ರೀತಿಯೇ ಬೇರೆಯಾಯಿತು. ಆಮೇಲಿನ ಒಪ್ಪಂದ ಹೀಗಿದೆ: ಕಟ್ಟಿದ್ದನ್ನು ಫೋಟೊ ತೆಗೆಯುವುದು, ಒಂದು ವಾರ ಇಡುವುದು, ಆಮೇಲೆ ಬುಟ್ಟಿಗೆ. ಇವರು ಒಪ್ಪಿದರು ಅನ್ನುವುದಕ್ಕಿಂತ ಸುಮ್ಮನಾದರು ಅನ್ನಬಹುದು.

ಬುಟ್ಟಿಯಿಂದ ಹುಟ್ಟಿದ ಆಟಗಳಲ್ಲಿ ನಮಗೆ ಮೆಚ್ಚಿನದು ಆರು ಇಟ್ಟಿಗೆ ಆಟ. ಎಲ್ಲರಿಗೂ ಆರಾರು ಎಂಟು ಚುಕ್ಕಿ, ಒಂದೇ ಬಣ್ಣ, ಹತ್ತು ನಿಮಿಷ, ಒಂದು ಪ್ರಾಣಿ. ಆರರಲ್ಲಿ ಏನು ಮಹಾ ಮಾಡಬಹುದು ಅಂತ ಅನ್ನಿಸುತ್ತದೆ. ಲೆಕ್ಕ ಹಾಕಿದವರಿದ್ದಾರೆ: ಒಂದೇ ಬಣ್ಣದ ಆರು ಎಂಟು ಚುಕ್ಕಿ ಇಟ್ಟಿಗೆಗಳನ್ನು 91 ಕೋಟಿ 51 ಲಕ್ಷ 3 ಸಾವಿರದ 765 ರೀತಿಯಲ್ಲಿ ಜೋಡಿಸಬಹುದು. ಮಗಳಿಗೆ ಈ ಸಂಖ್ಯೆ ಬಾಯಿಪಾಠ. ಮಾವನವರು ಪ್ರತಿ ಸಲವೂ ಆಮೆಯನ್ನೇ ಮಾಡುತ್ತಾರೆ. "ಅಷ್ಟು ಕೋಟಿ ಇದೆ ತಾತ, ನೀನು ಒಂದನ್ನೇ ಮಾಡ್ತೀಯಲ್ಲ" ಅಂದರೆ, "ನನ್ನ ಆಮೆ ಇನ್ನೂ ಸರಿಯಾಗಿಲ್ಲ ಕಣೇ" ಅನ್ನುತ್ತಾರೆ.

ಇದರಿಂದ ಗಣಿತ ಬರುತ್ತದೆಯೇ ಅಂತ ಕೇಳುವವರಿದ್ದಾರೆ. ನನ್ನ ಹತ್ತಿರ ಉತ್ತರವಿಲ್ಲ, ಒಂದು ಪ್ರಸಂಗವಿದೆ. ಮೂರು ತೆಳುಗಳನ್ನು ಪೇರಿಸಿದರೆ ಒಂದು ಇಟ್ಟಿಗೆಯ ಎತ್ತರ ಅನ್ನುವುದು ಬೇಗ ಗೊತ್ತಾಗುತ್ತದೆ. ಕಳೆದ ವರ್ಷ ಮಗಳು ಐದು ತೆಳುಗಳನ್ನು ಪೇರಿಸಿ ಅಡ್ಡ ಮಲಗಿಸಿ, "ಇದು ಎರಡು ಚುಕ್ಕಿ ಅಗಲಕ್ಕೆ ಸರಿಯಾಗಿ ಕೂರತ್ತೆ ನೋಡು" ಅಂದಳು. ಅಂದಾಜಿರಬೇಕು ಅಂದುಕೊಂಡು ಸ್ಕೇಲು ತಂದೆ. ಎರಡು ಚುಕ್ಕಿ ಅಗಲ 16 ಮಿಲಿಮೀಟರ್. ಒಂದು ತೆಳು 3.2 ಮಿಲಿಮೀಟರ್, ಐದಕ್ಕೆ 16. ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಇಟ್ಟಿಗೆಗಳನ್ನು ಪಕ್ಕಕ್ಕೆ ತಿರುಗಿಸಿ ಕಟ್ಟುವ ಪಳಗಿದವರ ಕೈಚಳಕವೆಲ್ಲ ಈ ಲೆಕ್ಕದ ಮೇಲೆ ನಿಂತಿದೆಯಂತೆ. ಅವಳಿಗೆ ದಶಮಾಂಶ ಇನ್ನೂ ಗೊತ್ತಿಲ್ಲ. ಬೆರಳಿಗೆ ಗೊತ್ತಿತ್ತು.

ಈ ಕರಾರುವಾಕ್ಕಿನ ಬೆಲೆ ತಿಳಿದದ್ದು ಬೇರೆ ತಯಾರಕರ ಒಂದು ಡಬ್ಬ ಕೊಂಡಾಗ. ಇಟ್ಟಿಗೆಯ ಪೇಟೆಂಟ್ ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಹೊಂದುವ ಇಟ್ಟಿಗೆಯನ್ನು ಹಲವರು ಮಾಡುತ್ತಾರೆ, ಕೆಲವು ಚೆನ್ನಾಗೂ ಇವೆ. ನಮಗೆ ಸಿಕ್ಕಿದ್ದು ಮಾತ್ರ ಒಂದು ಬಿಗಿ, ಒಂದು ಸಡಿಲ. ಹತ್ತು ಸಾಲು ಕಟ್ಟುವಷ್ಟರಲ್ಲಿ ಗೋಪುರ ವಾಲುತ್ತಿತ್ತು. ಮಗಳು ತಪ್ಪು ತನ್ನದೇ ಅಂದುಕೊಂಡು ಕಟ್ಟುವುದನ್ನೇ ಬಿಟ್ಟಿದ್ದಳು, ಅದು ನನಗೆ ಹೆಚ್ಚು ಬೇಜಾರಾಯಿತು. ಅಷ್ಟರಲ್ಲಿ ಅವೆಲ್ಲ ಬುಟ್ಟಿಗೆ ಸೇರಿಹೋಗಿದ್ದವು. ಅಸಲಿ ಲೆಗೊದ ಪ್ರತಿ ಚುಕ್ಕಿಯ ಮೇಲೂ ಹೆಸರು ಅಚ್ಚಾಗಿರುತ್ತದೆ, ಅದನ್ನು ನೋಡಿ ನೋಡಿ ಒಂದು ಇಡೀ ಭಾನುವಾರ ಆರಿಸಿದೆವು. ಅದೇ ಹೊತ್ತಿಗೆ ನೆಂಟರಿಂದ ಬಂದ ಹಳೇ ಇಟ್ಟಿಗೆಗಳು, ಬಿಸಿಲಿಗೆ ಬಿಳಿಯವೆಲ್ಲ ಹಳದಿಯಾದವು, ಹೊಸವುಗಳ ಮೇಲೆ ಟಕ್ ಅಂತ ಕೂತವು. 1958ರ ಇಟ್ಟಿಗೆಯೂ ಇಂದಿನದಕ್ಕೆ ಹೊಂದುತ್ತದೆ ಅನ್ನುವುದನ್ನು ನಂಬಲು ಆಮೇಲೆ ಕಷ್ಟವಾಗಲಿಲ್ಲ.

ತೊಳೆಯುವುದರಲ್ಲಿ ನಾನೊಂದು ಎಡವಟ್ಟು ಮಾಡಿದೆ. ಚೊಕ್ಕಟವಾಗಲಿ ಅಂತ ಕುದಿಯುವ ನೀರು ಸುರಿದೆ. ಒಂದು ದೊಡ್ಡ ತೆಳು ಒಣಗಿದ ಎಲೆಯಂತೆ ಸೊಟ್ಟಗಾಯಿತು. 40 ಡಿಗ್ರಿಗಿಂತ ಬಿಸಿ ನೀರು ಬೇಡ, ಕೈಯಲ್ಲೇ ತೊಳೆಯಿರಿ ಅಂತ ಕಂಪನಿಯವರೇ ಹೇಳಿದ್ದಾರೆ. ಈಗ ಬಲೆಯ ಚೀಲದಲ್ಲಿ ತುಂಬಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ಅಲುಗಾಡಿಸಿ ನೆರಳಲ್ಲಿ ಹರಡುತ್ತೇನೆ. ಅಂಟಿಕೊಂಡ ಎರಡು ತೆಳುಗಳನ್ನು ಹಲ್ಲಲ್ಲಿ ಕಚ್ಚಿ ಬಿಡಿಸಬೇಡಿ, ಚಪ್ಪಟೆ ಚೂರಿನ ಅಂಚಲ್ಲಿ ಹಲ್ಲಿನ ಗುರುತು ಹಾಗೇ ಉಳಿಯುತ್ತದೆ. ಕೊಕ್ಕು ಸಿಗದಿದ್ದರೆ ಮೇಲೊಂದು ಕೆಳಗೊಂದು ಎಂಟು ಚುಕ್ಕಿ ಹಾಕಿ, ಎರಡನ್ನೂ ಹಿಡಿದು ಓಲಾಡಿಸಿದರೆ ಬಿಟ್ಟುಕೊಳ್ಳುತ್ತವೆ. ಕಾಲಿಗೆ ಚುಚ್ಚುವ ವಿಚಾರ ಎಲ್ಲರೂ ಬರೆದಾಗಿದೆ. ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಆಡಿಸಿ, ಕೊನೆಗೆ ನಾಲ್ಕು ತುದಿ ಎತ್ತಿ ಬುಟ್ಟಿಗೆ ಸುರಿಯಿರಿ, ಅಷ್ಟೆ.

ವಿಂಗಡಿಸುವವರಿಗೆ ಒಂದೇ ಮಾತು: ಬಣ್ಣದ ಪ್ರಕಾರ ಬೇಡ. ಕೆಂಪು ರಾಶಿಯಲ್ಲಿ ಕೆಂಪು ಸಣ್ಣ ಚೂರು ಹುಡುಕುವುದು ದೇವರಿಗೇ ಪ್ರೀತಿ. ಆಕಾರದ ಪ್ರಕಾರ ಇಟ್ಟರೆ ಬಣ್ಣ ತಾನಾಗಿ ಕಣ್ಣಿಗೆ ಬೀಳುತ್ತದೆ.

ಕೊಳ್ಳುವವರಿಗೆ? ಬೆಲೆ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಸಿನಿಮಾ ಪಾತ್ರಗಳ ಸೆಟ್ಟುಗಳ ಮೋಹಕ್ಕೆ ಮೊದಲೇ ಬೀಳಬೇಡಿ. ಮಾಮೂಲಿ ಇಟ್ಟಿಗೆ ಜಾಸ್ತಿ ಇರುವ ಮಿಶ್ರ ಡಬ್ಬ ತಗೊಳ್ಳಿ, ಚಕ್ರಗಳು ಇರಲಿ. ಸಾಧ್ಯವಾದರೆ ಯಾರಾದರೂ ಬಳಸಿ ಬಿಟ್ಟದ್ದನ್ನು ಕೇಳಿ ತಗೊಳ್ಳಿ, ಇದು ಸವೆಯುವ ವಸ್ತುವಲ್ಲ. ಐದಕ್ಕೆ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಉಳಿದ ಅರ್ಧ ಬೆಲೆಗೆ.

ಕಳೆದ ವಾರ ಮಗನಿಗೆ ನಾಲ್ಕು ತುಂಬಿತು. ಇವರು ಫೈಲಿನಿಂದ ಅಗ್ನಿಶಾಮಕ ಗಾಡಿಯ ಪುಸ್ತಕ ತೆಗೆದರು. ಬುಟ್ಟಿಯಲ್ಲಿ ಮೂರು ಸಂಜೆ ಹುಡುಕಿ ಒಂದೊಂದೇ ಚೂರು ಹೆಕ್ಕಿದರು, ಅಕ್ಕ ತಮ್ಮ ಇಬ್ಬರೂ ಹುಡುಕಾಟಕ್ಕೆ ಕೂತರು. ಎಲ್ಲವೂ ಸಿಕ್ಕಿತು, ಮುಂದಿನ ಗಾಜೊಂದನ್ನು ಬಿಟ್ಟು. ಸೋಫಾದ ಸಂದಿ, ಕಪಾಟಿನ ಹಿಂದೆ, ಎಲ್ಲೂ ಇಲ್ಲ. ಇವರು ಮಂಚದಡಿ ಟಾರ್ಚು ಬಿಟ್ಟು ನೋಡುತ್ತಿದ್ದಾಗ ಮಗ ಹಳದಿ ಬಾಗಿಲೊಂದನ್ನು ತಂದು ಗಾಜಿನ ಜಾಗಕ್ಕೆ ಒತ್ತಿ, "ಡ್ರೈವರ್ ಮುಂದಿನಿಂದಾನೇ ಇಳೀತಾನೆ" ಅಂದ. ಇವರು ಎದ್ದು ಬಂದು ಪುಸ್ತಕ ನೋಡಿದರು, ಗಾಡಿ ನೋಡಿದರು. ಬಾಯಿ ತೆರೆಯುವಷ್ಟರಲ್ಲಿ ಮಗಳು, "ಅಪ್ಪಾ, ಕೈ ಹಿಂದೆ" ಅಂದಳು.